ಭಗ್ನಮಂದಿರದ ಗಾನಗುರು

ವೈಣಿಕನ ವೀಣೆ ಒಡೆದರೆ ಮತ್ತೊಂದನ್ನು ಮಾಡಿಸಿಕೊಳ್ಳಬಹುದು. ಆದರೆ ಮಕ್ಕಳ ಕಂಠಗಳನ್ನೇ ತನ್ನ ವಾದ್ಯವನ್ನಾಗಿ ಮಾಡಿಕೊಂಡವನ ಪಾಡೇನು? ಒಂದೇ ರಾತ್ರಿಯಲ್ಲಿ ಹನ್ನೊಂದು ಮಂದಿ ಬಾಲಗಾಯಕರನ್ನೂ, ಅವರು ಕಲಿಯುತ್ತಿದ್ದ ಶಾಲೆಯನ್ನೂ, ಹಾಡುತ್ತಿದ್ದ ಮಂದಿರವನ್ನೂ ಕಳೆದುಕೊಂಡು, ಆರು ತಿಂಗಳು ತುಂಬುವ ಮೊದಲೇ ಅದೇ ಭಗ್ನಮಂದಿರದಲ್ಲಿ ಉಳಿದ ಮಕ್ಕಳನ್ನು ನಿಲ್ಲಿಸಿ ಹಾಡಿಸಿದ ಧೀರರು ಜರ್ಮನಿಯ ರುಡಾಲ್ಫ್ ಮೌವರ್ಸ್‌ಬರ್ಗರ್.

ಪುರಾತನ ಪರಂಪರೆ

ಎಲ್ಬೆ ನದಿಯ ದಡದಲ್ಲಿರುವ ಡ್ರೆಸ್ಡೆನ್ ಸ್ಯಾಕ್ಸನಿ ಪ್ರಾಂತದ ರಾಜಧಾನಿ. ಕಲೆಗೂ ಸಂಗೀತಕ್ಕೂ ಹೆಸರಾದ ನಗರ. ಅಲ್ಲಿಯ ‘ಕ್ರೊಯಿಟ್ಸ್‌ಕಿರ್ಖೆ’ ಎಂಬ ಪವಿತ್ರ ಶಿಲುಬೆಯ ಚರ್ಚಿನಲ್ಲಿ ಹಾಡುವ ಬಾಲಕರ ವೃಂದಕ್ಕೆ ‘ಕ್ರೊಯಿಟ್ಸ್‌ಕೋರ್’ ಎಂದು ಹೆಸರು. ಇದರ ಪರಂಪರೆ ಹದಿಮೂರನೆಯ ಶತಮಾನದಷ್ಟು ಹಿಂದಿನದು. ನಮ್ಮ ಭಜನೆಯಲ್ಲಿ ಎಲ್ಲರೂ ಒಂದೇ ಮಟ್ಟನ್ನು ಹಾಡುವುದುಂಟು. ಅಲ್ಲಿಯ ವೃಂದಗಾನದಲ್ಲಾದರೋ ಸಾಮಾನ್ಯವಾಗಿ ನಾಲ್ಕು ಬಗೆಯ ಕಂಠಗಳು ಬೇರೆ ಬೇರೆ ಸ್ವರಗಳನ್ನು ಏಕಕಾಲದಲ್ಲಿ ಹಾಡಿ ಒಂದು ಮೇಳವನ್ನು ಸಾಧಿಸುತ್ತವೆ. ಎಳೆಯ ಬಾಲಕರದು ಮೇಲಿನ ಎರಡು ಕಂಠಗಳು. ಪ್ರಾಯಕ್ಕೆ ಬಂದು ದನಿ ಒಡೆದವರದು ಕೆಳಗಿನ ಎರಡು.

ಈ ದನಿಯೊಡೆಯುವಿಕೆಯೇ ವೃಂದನಿರ್ದೇಶಕನ ಬಹು ದೊಡ್ಡ ಸಂಕಟ. ವರ್ಷಗಟ್ಟಲೆ ತಿದ್ದಿ ತೀಡಿದ ಇಂಪಾದ ಕಂಠವೊಂದು ಇದ್ದಕ್ಕಿದ್ದಂತೆ ಕೈಬಿಟ್ಟುಹೋಗುತ್ತದೆ. ಮತ್ತೊಬ್ಬ ಎಳೆಯನನ್ನು ಕರೆತಂದು ಮೊದಲಿನಿಂದ ಪಾಠ ಆರಂಭಿಸಬೇಕು. ಮೌವರ್ಸ್‌ಬರ್ಗರ್ ಅವರು ಈ ಕಾಯಕವನ್ನು 1930ರಿಂದ 1971ರ ವರೆಗೆ, ನಾಲ್ವತ್ತೊಂದು ವರ್ಷ ನಡೆಸಿದರು.

ಗಿರಿಗ್ರಾಮದ ಬಾಲಕ

ಅವರು ಜನಿಸಿದ್ದು 1889ರ ಜನವರಿ 29ರಂದು, ಸ್ಯಾಕ್ಸನಿಯ ಬೆಟ್ಟಸೀಮೆಯ ಮೌವರ್ಸ್‌ಬರ್ಗ್ ಎಂಬ ಗ್ರಾಮದಲ್ಲಿ. ತಂದೆ ಊರಿನ ಉಪಾಧ್ಯಾಯರು. ಚರ್ಚಿನ ಸಂಗೀತದ ಹೊಣೆಯೂ ಅವರದೇ. ಹೀಗೆ ಅಕ್ಷರವೂ ಸ್ವರವೂ ಒಂದೇ ಮನೆಯಲ್ಲಿ ದೊರಕಿದುವು. ಲೈಪ್‌ಜಿಗ್ ನಗರದ ಸಂಗೀತ ವಿದ್ಯಾಲಯದಲ್ಲಿ ಶಿಕ್ಷಣ ಪಡೆದು, ಆಖೆನ್ ನಗರದಲ್ಲಿಯೂ, ಮಹಾ ಸಂಗೀತಕಾರ ಬಾಖ್‌ನ ಜನ್ಮಸ್ಥಳವಾದ ಐಸೆನಾಖ್‌ನಲ್ಲಿಯೂ ದುಡಿದು, 1930ರಲ್ಲಿ ಡ್ರೆಸ್ಡೆನ್ನಿಗೆ ಬಂದರು. ಅವರ ಶಿಕ್ಷಣದಲ್ಲಿ ವೃಂದದ ಕೀರ್ತಿ ಹಬ್ಬಿತು. 1935ರಲ್ಲಿಯೂ 1938ರಲ್ಲಿಯೂ ಬಾಲಕರು ಅಮೆರಿಕಕ್ಕೆ ಹೋಗಿ ಹಾಡಿ ಬಂದರು.

ಕಾಲ ಮಾತ್ರ ಕೆಟ್ಟದಾಗಿತ್ತು. 1933ರಲ್ಲಿ ಮೌವರ್ಸ್‌ಬರ್ಗರ್ ಅವರೂ ನಾಜಿ ಪಕ್ಷದ ಸದಸ್ಯರಾದರು. ಅವರ ಚರಿತ್ರೆಯನ್ನು ಹೇಳುವವರು ಇದನ್ನು ಮರೆಮಾಚುವಂತಿಲ್ಲ. ಆ ಪಕ್ಷವು ಹೊತ್ತಿಸಿದ ಯುದ್ಧದ ಬೆಂಕಿ ಹನ್ನೆರಡು ವರ್ಷಗಳ ತರುವಾಯ ಅವರ ಶಿಷ್ಯರ ಮನೆಬಾಗಿಲಿಗೇ ಬಂದಿತು.

ಉರಿದ ನಗರ

1945ರ ಫೆಬ್ರವರಿ 13ರ ರಾತ್ರಿ ಬ್ರಿಟಿಷ್ ವಿಮಾನಗಳು ಡ್ರೆಸ್ಡೆನ್ನಿನ ಮೇಲೆ ಬೆಂಕಿಯ ಮಳೆ ಸುರಿಸಿದುವು; ಮರುದಿನ ಅಮೆರಿಕದ ವಿಮಾನಗಳು ಬಂದುವು. ನಗರದ ನಡುಭಾಗವೆಲ್ಲ ಬೂದಿಯಾಯಿತು. ಸತ್ತವರ ಸಂಖ್ಯೆ ಇಪ್ಪತ್ತೈದು ಸಾವಿರದವರೆಗೆ ಇರಬಹುದೆಂದು ಇತಿಹಾಸಕಾರರು ನಿರ್ಣಯಿಸಿದ್ದಾರೆ. ವೃಂದದ ಹನ್ನೊಂದು ಬಾಲಕರು ಆ ಸಾವಿರಾರು ಮಂದಿಯೊಡನೆ ಮಡಿದರು. ಶಾಲೆ ಉರಿಯಿತು. ಚರ್ಚಿನ ಒಳಗೆಲ್ಲ ಸುಟ್ಟು, ಕರಿಹಿಡಿದ ಗೋಡೆಗಳು ಉಳಿದುವು. ಹಾಡಿಕೆಯ ಸ್ವರಲಿಪಿಗಳೂ ಬೂದಿಯಾದುವು. ಗುರು ಬದುಕಿ ಉಳಿದರು.

ಶೋಕವೇ ಶ್ಲೋಕವಾಯಿತು

ಕ್ರೌಂಚದ ವಧೆಯನ್ನು ಕಂಡ ವಾಲ್ಮೀಕಿಯ ಶೋಕ ಶ್ಲೋಕವಾಯಿತೆಂಬುದನ್ನು ನಮ್ಮಲ್ಲಿ ಅರಿಯದವರಿಲ್ಲ. ಆ ವರ್ಷದ ಮಾರ್ಚ್ ಕೊನೆಯಲ್ಲಿ, ಕ್ರಿಸ್ತನು ಶಿಲುಬೆಗೇರಿದ ಶುಕ್ರವಾರ ಮತ್ತು ಅದರ ಮರುದಿನ, ಮೌವರ್ಸ್‌ಬರ್ಗರ್ ಅವರು ಒಂದು ಶೋಕಗೀತೆಯನ್ನು ರಚಿಸಿದರು. ಮಾತು ಅವರದಲ್ಲ, ಬೈಬಲಿನ ‘ಪ್ರಲಾಪಗಳು’ ಎಂಬ ಪುಸ್ತಕದಲ್ಲಿ ಹಾಳಾದ ಯೆರೂಸಲೇಮ್ ನಗರವನ್ನು ನೆನೆದು ಅತ್ತ ವಚನಗಳನ್ನೇ ಆರಿಸಿಕೊಂಡರು. ಡ್ರೆಸ್ಡೆನ್ನಿನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ವಾದ್ಯಗಳ ಆಸರೆಯೂ ಇಲ್ಲ, ಬರಿಯ ಕಂಠಗಳು.

ಅಷ್ಟರಲ್ಲಿ ಯುದ್ಧ ಮುಗಿದಿತ್ತು. ಚದರಿಹೋಗಿದ್ದ ಮಕ್ಕಳನ್ನು ಒಟ್ಟುಗೂಡಿಸಿ, 1945ರ ಆಗಸ್ಟ್ 4ರ ಶನಿವಾರ, ಸುಟ್ಟ ಚರ್ಚಿನೊಳಗೆ ಸಂಧ್ಯಾಪ್ರಾರ್ಥನೆಯನ್ನು ನಡೆಸಿದರು. ಆ ಶೋಕಗೀತೆ ಮೊತ್ತಮೊದಲು ಕೇಳಿಬಂದದ್ದು ಅಂದು. ಕೇಳಲು ಕೂಡಿದ್ದವರಿಗೆ ಅರ್ಥವನ್ನು ವಿವರಿಸಿ ಹೇಳಬೇಕಾಗಿರಲಿಲ್ಲ. ಅದು ಸುತ್ತಲಿನ ಗೋಡೆಗಳ ಮೇಲೆಯೇ ಬರೆದಿತ್ತು. ಅನಂತರ ಅವರು ‘ಡ್ರೆಸ್ಡೆನ್ ರೆಕ್ವಿಯೆಮ್’ ಎಂಬ ದೊಡ್ಡ ಮೃತಸ್ಮರಣೆಯ ಕೃತಿಯನ್ನೂ ರಚಿಸಿದರು. ಅದರಲ್ಲಿ ಒಂದು ವೃಂದ ಎದುರಿಗೆ, ಇನ್ನೊಂದು ಪೂಜಾವೇದಿಕೆಯ ಬಳಿ, ಮತ್ತೊಂದು ದೂರದಲ್ಲಿ ನಿಂತು ಹಾಡುತ್ತವೆ.

ಶಿಷ್ಯಸಂಪತ್ತು

ಯುದ್ಧಾನಂತರ ಅಲ್ಲಿ ಸ್ಥಾಪಿತವಾದ ಸಮತಾವಾದಿ ಪ್ರಭುತ್ವಕ್ಕೆ ದೇವರಲ್ಲಿ ನಂಬಿಕೆಯಿರಲಿಲ್ಲ. ಆದರೂ ಬಾಲಕರು ಚರ್ಚಿನಲ್ಲಿ ಹಾಡುವುದನ್ನು ಬಿಡಲಿಲ್ಲ. 1955ರ ಫೆಬ್ರವರಿ 13ರಂದು, ದುರಂತಕ್ಕೆ ಹತ್ತು ವರ್ಷ ತುಂಬಿದ ದಿನ, ದುರಸ್ತಿಗೊಂಡ ಚರ್ಚು ಮತ್ತೆ ತೆರೆಯಿತು. ಒಳಗೋಡೆಗಳಿಗೆ ಹಚ್ಚಿದ ಒರಟು ಗಾರೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ.

1945ರಲ್ಲಿ ವೃಂದವನ್ನು ಸೇರಿದ ಪೀಟರ್ ಶ್ರೈಯರ್ ಎಂಬ ಬಾಲಕನ ಕಂಠವನ್ನು ಮನಸ್ಸಿನಲ್ಲಿಟ್ಟುಕೊಂಡೇ ಗುರುಗಳು ಏಕಾಕಿ ಗಾಯನದ ಭಾಗಗಳನ್ನು ಬರೆದರು. ಆತ ಮುಂದೆ ಜಗದ್ವಿಖ್ಯಾತ ಗಾಯಕರಾದರು. ಯುದ್ಧಕಾಲದ ಶಿಷ್ಯ ಥಿಯೋ ಆಡಮ್ ಅವರೂ ಅಂತೆಯೇ ಪ್ರಸಿದ್ಧರಾದರು. ಮೌವರ್ಸ್‌ಬರ್ಗರ್ ಅವರ ತಮ್ಮ ಎರ್‌ಹಾರ್ಟ್ ಅವರು, ಒಮ್ಮೆ ಬಾಖ್‌ನೇ ಅಲಂಕರಿಸಿದ್ದ ಲೈಪ್‌ಜಿಗ್‌ನ ಸಂತ ತೋಮಸರ ಚರ್ಚಿನ ಸಂಗೀತಪೀಠವನ್ನು ಏರಿದ್ದರು. 1970ರಲ್ಲಿ ಅಣ್ಣತಮ್ಮಂದಿರು ತಮ್ಮ ತಮ್ಮ ವೃಂದಗಳನ್ನು ಒಂದುಗೂಡಿಸಿ ಬಾಖ್‌ನ ‘ಮತ್ತಾಯನ ಪ್ಯಾಶನ್’ ಮಹಾಕೃತಿಯನ್ನು ಧ್ವನಿಮುದ್ರಿಸಿದಾಗ, ಆ ಇಬ್ಬರು ಹಳೆಯ ಶಿಷ್ಯರೂ ಅದರಲ್ಲಿ ಹಾಡಿದರು.

1971ರ ಫೆಬ್ರವರಿ 22ರಂದು, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ, ಆ ಪದವಿಯಲ್ಲಿರುವಾಗಲೇ ಮೌವರ್ಸ್‌ಬರ್ಗರ್ ತೀರಿಕೊಂಡರು. ಫೆಬ್ರವರಿಯ ಸ್ಮರಣೆಯ ದಿನಗಳಲ್ಲಿ ಅವರ ಕೃತಿಗಳನ್ನು ಡ್ರೆಸ್ಡೆನ್ನಿನಲ್ಲಿ ಇಂದಿಗೂ ಹಾಡುತ್ತಾರೆ. ಹಾಡುವ ಮಕ್ಕಳು ಆ ಯುದ್ಧವನ್ನು ಕಂಡವರಲ್ಲ. ಮಡಿದ ಹನ್ನೊಂದು ಮಂದಿಯ ವಯಸ್ಸಿನವರು.