ಒಂದು ಶಬ್ದದ ಬೆಲೆ

ಸಂಗೀತಪ್ರಿಯರು ಮನೆಯಲ್ಲಿ ತಾವೇ ಜೋಡಿಸಿಕೊಳ್ಳಲೆಂದು ಧ್ವನಿವರ್ಧಕದ ಬಿಡಿಭಾಗಗಳನ್ನೂ ನಕಾಶೆಯನ್ನೂ ಒಟ್ಟುಗೂಡಿಸಿ ಮಾರುವ ಉದ್ಯೋಗವೊಂದುಂಟು. ಈ ಸಾಮಗ್ರಿಗೆ ಕಿಟ್ ಎಂದು ಹೆಸರು. ಬಿಡಿಭಾಗಗಳಾದರೋ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ದೊರೆಯುತ್ತವೆ. ಹಾಗಿದ್ದ ಮೇಲೆ ಕಿಟ್ ಮಾರುವವನು ನಿಜವಾಗಿ ಮಾರುವುದಾದರೂ ಏನನ್ನು?

ಧ್ವನಿವರ್ಧಕದ ಮುಖ್ಯ ಅಂಗವು ಸಾಮಾನ್ಯವಾಗಿ ಕಾಗದದ ಒಂದು ಶಂಕು. ಅದರ ಬುಡಕ್ಕೆ ಅಂಟಿಸಿದ ತಂತಿಯ ಸುರುಳಿಯು ಅಯಸ್ಕಾಂತದ ಸಂದಿನಲ್ಲಿರುವುದು. ಸುರುಳಿಯಲ್ಲಿ ವಿದ್ಯುತ್ ಪ್ರವಾಹವು ಏರಿಳಿದಂತೆ ಶಂಕುವು ಹಿಂದಕ್ಕೂ ಮುಂದಕ್ಕೂ ಅಲುಗಿ ಗಾಳಿಯಲ್ಲಿ ನಾದದ ಅಲೆಗಳನ್ನೆಬ್ಬಿಸುವುದು. ಆದರೆ ಶಂಕುವು ಮುಂದಿನ ಗಾಳಿಯನ್ನು ಒತ್ತಿದಾಗ ಹಿಂದಿನ ಗಾಳಿಯು ವಿರಳವಾಗುವುದು. ಶಂಕುವನ್ನು ಬರಿದೇ ತೆರೆದಿಟ್ಟರೆ ಈ ಎರಡು ಅಲೆಗಳೂ ಕೂಡಿ ಒಂದನ್ನೊಂದು ಅಳಿಸುವುವು. ಡಗ್ಗಾದಂತಹ ಗಂಭೀರ ನಾದವು ಉಡುಗಿಹೋಗುವುದು. ಇದಕ್ಕಾಗಿಯೇ ಪೆಟ್ಟಿಗೆ ಬೇಕು. ಪೆಟ್ಟಿಗೆಯೊಳಗಿನ ಗಾಳಿಯು ಸ್ಪ್ರಿಂಗಿನಂತೆ ವರ್ತಿಸುವುದರಿಂದ ಅದರ ಗಾತ್ರವನ್ನು ಮನಬಂದಂತೆ ಇಡಲಾಗದು. ಶಂಕುವಿನ ಗುಣಗಳನ್ನು ಅಳೆದು, ಅವುಗಳಿಂದ ಪೆಟ್ಟಿಗೆಯ ಗಾತ್ರವನ್ನು ಗಣಿಸುವ ಬಗೆಯನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ ಅವರು 1961ರಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅವರು ಅದನ್ನು ಬೆಳೆಸಿದರು. ಈ ಗಣಿತವನ್ನು ಮಾಡಿ, ಮಾದರಿಯನ್ನು ಕಟ್ಟಿ, ಪರೀಕ್ಷಿಸಿ ನೋಡಿದ ಶ್ರಮವನ್ನೇ ಕಿಟ್ ಮಾರುವವನು ಮಾರುತ್ತಾನೆ. ಆ ಶ್ರಮವೆಲ್ಲ ಕೊಳ್ಳುವವನಿಗೆ ತಲುಪುವುದು ಒಂದು ಸೂಚನಾಪತ್ರದ ಮೂಲಕ.

ಮರವು ಭಾರವಾದುದರಿಂದ ಕೆಲವರು ಹಲಗೆಗಳನ್ನು ಕಳುಹಿಸದೆ ಅಳತೆಯನ್ನು ಮಾತ್ರ ಕಳುಹಿಸುವರು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತರಿಸಿದ ಕಿಟ್ಟೂ ಅಂತಹದೇ. ಅದರ ಸೂಚನಾಪತ್ರವು ಇಂಗ್ಲಿಷಿನಲ್ಲಿತ್ತು. ಬಡಿಗನಿಗೆ ಅದನ್ನು ಓದಿ ಹೇಳಿದವನು ನಾನೇ. ಅಗಲ 20, ಆಳ 25, ಎತ್ತರ 40 ಸೆಂಟಿಮೀಟರ್ ಎಂದು ಅಂಕಿಗಳನ್ನು ಸರಿಯಾಗಿಯೇ ಹೇಳಿದೆನು. ಮೂಲೆಯಲ್ಲಿದ್ದ 'ಒಳ ಅಳತೆ' ಎಂಬರ್ಥದ ಶಬ್ದವನ್ನು ಮಾತ್ರ ಬಿಟ್ಟೆನು. ಬಡಿಗನು ಅವನ್ನು ಹೊರ ಅಳತೆಯೆಂದು ತಿಳಿದು ಪೆಟ್ಟಿಗೆ ಮಾಡಿದನು.

ವಿದ್ಯಾರ್ಥಿಗಳೇ, ಲೆಕ್ಕ ಹಾಕಿರಿ. ಒಳಗೆ 20 ಲೀಟರ್ ಗಾಳಿ ಇರಬೇಕಾಗಿತ್ತು. ಹಲಗೆಯ ದಪ್ಪ 18 ಮಿಲಿಮೀಟರ್. ಪ್ರತಿಯೊಂದು ಅಳತೆಯಲ್ಲಿಯೂ 3.6 ಸೆಂಟಿಮೀಟರ್ ಕಡಿಮೆಯಾಗುವುದು. 16.4, 21.4, 36.4 ಇವುಗಳನ್ನು ಗುಣಿಸಿದರೆ ಉಳಿಯುವುದು ಸುಮಾರು 12.8 ಲೀಟರ್. ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಗಾಳಿಯು ಒಂದೇ ಶಬ್ದದಿಂದ ನಷ್ಟವಾಯಿತು. ಹಾಡು ಕೇಳಿಸಿತು, ಆದರೆ ಗಂಭೀರ ನಾದವು ಸೊರಗಿತ್ತು. ಹುಡುಗನು ಕೂಡಿಟ್ಟ ಹಣದಿಂದ ತಂದ ಹಲಗೆಯೂ ವ್ಯರ್ಥವಾಯಿತು.

ಆದುದರಿಂದ ಇಂತಹ ವಸ್ತುವನ್ನು ಮಾರಬಯಸುವವನು ಮೊದಲು ತನ್ನ ಸೂಚನಾಪತ್ರವನ್ನು ಎಂದೂ ಈ ಕೆಲಸ ಮಾಡದವನೊಬ್ಬನ ಕೈಗಿತ್ತು, ಮೌನವಾಗಿ ಪಕ್ಕದಲ್ಲಿ ನಿಲ್ಲಬೇಕು. ಅವನ ಕೈ ಎಲ್ಲಿ ತಡೆಯುವುದೋ ಅಲ್ಲಿ ತಿದ್ದಬೇಕಾದುದು ಬರಹವನ್ನು, ಅವನನ್ನಲ್ಲ. ಆ ಬರಹವು ಕಟ್ಟುವವನ ಭಾಷೆಯಲ್ಲಿಯೇ ಇರಬೇಕು.

ಎರಡನೆಯ ಸಲ ನಾನು ಎಲ್ಲವನ್ನೂ ಕನ್ನಡದಲ್ಲಿ ಬರೆದು, 'ಒಳ ಅಳತೆ' ಎಂಬುದನ್ನು ಎಲ್ಲಕ್ಕಿಂತ ಮೇಲೆ ದೊಡ್ಡಕ್ಷರಗಳಲ್ಲಿ ಬರೆದೆನು. ಹಲಗೆಯ ಹಣವನ್ನೂ ನಾನೇ ಕೊಟ್ಟೆನು. ಬಡಿಗನು ಅದನ್ನು ತಾನೇ ಓದಿಕೊಂಡನು. ನನ್ನನ್ನು ಏನನ್ನೂ ಕೇಳಲಿಲ್ಲ.