ನಗುವವರು ನಿಂತರೆ ಕಾಡಿಸುವವರೂ ನಿಲ್ಲುತ್ತಾರೆ



ವಿದ್ಯಾರ್ಥಿವೇತನದಿಂದ ಶುಲ್ಕ, ಪುಸ್ತಕಗಳ ಚಿಂತೆ ಕಡಿಮೆಯಾಗುತ್ತದೆ. ಆದರೂ ಕೆಲವು ಮಕ್ಕಳು ಶಾಲೆಗೆ ಹೋಗಲು ಹಿಂಜರಿಯುತ್ತಾರೆ. ಕೇಳಿದರೆ ಹೊಟ್ಟೆನೋವು, ತಲೆನೋವು ಎನ್ನುತ್ತಾರೆ. ಎಷ್ಟೋ ಸಲ ನಿಜವಾದ ಕಾರಣ ಸಹಪಾಠಿಗಳ ಕಾಟ.

ಕಾಟವೆಂದರೆ ಹೊಡೆತವಷ್ಟೇ ಅಲ್ಲ. ತಂದೆಯ ಕಸುಬು, ಮೈಬಣ್ಣ, ಜಾತಿ, ಧರ್ಮ ಹಿಡಿದು ಅಡ್ಡಹೆಸರಿಡುವುದು, ಬುತ್ತಿ ಕಸಿಯುವುದು, ಆಟಕ್ಕೆ ಸೇರಿಸದಿರುವುದು, ಫೋಟೋ ತಿರುಚಿ ವಾಟ್ಸ್‌ಆ್ಯಪ್‌ಗೆ ಹಾಕುವುದು ಎಲ್ಲವೂ ಕಾಟವೇ. ರಬಕವಿ-ಬನಹಟ್ಟಿಯ ಮಗ್ಗದ ಮನೆಯ ಮಗು, ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯಲು ಬಂದವರ ಮಗು, ಬೀಳಗಿಯ ಪುನರ್ವಸತಿ ಕೇಂದ್ರದಿಂದ ಬರುವ ಮಗು ಇದಕ್ಕೆ ಸುಲಭವಾಗಿ ಗುರಿಯಾಗಬಹುದು. ವಿದ್ಯಾರ್ಥಿವೇತನ ಪಡೆದವರಿಗೆ 'ದಾನದ ದುಡ್ಡಿನಲ್ಲಿ ಓದುವವ' ಎಂಬ ಚುಚ್ಚುಮಾತೂ ತಪ್ಪಿದ್ದಲ್ಲ.

ಕಾನೂನು ಮಕ್ಕಳ ಪರವಾಗಿದೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಪ್ರಕಾರ ರ‍್ಯಾಗಿಂಗ್ ಅಪರಾಧ. ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದೇ ವರ್ಷ ಹಿಮಾಚಲ ಪ್ರದೇಶದಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರ‍್ಯಾಗಿಂಗ್‌ಗೆ ಬಲಿಯಾದ ಬಳಿಕ ಯುಜಿಸಿ ಕಾಲೇಜುಗಳಿಗೆ ಕಟ್ಟುನಿಟ್ಟಿನ ನಿಯಮ ತಂದಿತು.

ಆದರೆ ದೂರು ದಾಖಲಾಗುವ ಮೊದಲೇ ಕಾಟ ನಿಲ್ಲಿಸುವ ಶಕ್ತಿ ಸುತ್ತ ನಿಂತ ಮಕ್ಕಳಿಗಿದೆ. ಕಾಡಿಸುವವನಿಗೆ ಬಲ ಬರುವುದು ನೋಡಿ ನಗುವವರಿಂದ. 2007ರಲ್ಲಿ ಕೆನಡಾದ ನೋವಾ ಸ್ಕಾಟಿಯಾದ ಒಂದು ಶಾಲೆಯಲ್ಲಿ ಗುಲಾಬಿ ಅಂಗಿ ತೊಟ್ಟು ಬಂದ ಹೊಸ ಹುಡುಗನನ್ನು ಕೆಲವರು ಗೇಲಿ ಮಾಡಿದರು. ಡೇವಿಡ್ ಶೆಫರ್ಡ್, ಟ್ರಾವಿಸ್ ಪ್ರೈಸ್ ಎಂಬ ಇಬ್ಬರು ಹಿರಿಯ ವಿದ್ಯಾರ್ಥಿಗಳು 50 ಗುಲಾಬಿ ಅಂಗಿ ಕೊಂಡು ಹಂಚಿದರು. ನೂರಾರು ಮಕ್ಕಳು ಅದೇ ಬಣ್ಣ ತೊಟ್ಟು ಬಂದರು. ಯಾರೂ ಕೈ ಎತ್ತಲಿಲ್ಲ. ಆ ಹುಡುಗ ಒಂಟಿಯಲ್ಲವೆಂದು ಎಲ್ಲರಿಗೂ ಗೊತ್ತಾಯಿತು.

ನಮ್ಮ ಮಕ್ಕಳಿಗೆ ಅಂಗಿಯೂ ಬೇಕಿಲ್ಲ. ಗೇಲಿಗೆ ನಗಬೇಡಿ. ಒಂಟಿಯಾದವನ ಪಕ್ಕ ಕುಳಿತು ಬುತ್ತಿ ಬಿಚ್ಚಿರಿ. ಶಿಕ್ಷಕರಿಗೆ ತಿಳಿಸಿರಿ, ಅದು ಚಾಡಿಯಲ್ಲ. ಅಡ್ಡಹೆಸರಿನಿಂದ ಕರೆಯುವುದನ್ನು ಕುರ್‌ಆನಿನ ಸೂರಾ ಹುಜುರಾತ್‌ನ 11ನೇ ಆಯತ್ ನಿಷೇಧಿಸಿದೆ ಎಂಬುದನ್ನೂ ನೆನಪಿಡಿ.

ಶಿಕ್ಷಕ ಬಂಧುಗಳು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ವಿಚಾರಿಸದೆ, ಬೇರೆಬೇರೆಯಾಗಿ ಕೇಳಿ ದಿನಾಂಕದೊಂದಿಗೆ ಬರೆದಿಡಬೇಕು. ನೀರಿನ ನಳ, ಶೌಚಾಲಯ, ಬಸ್ ನಿಲ್ದಾಣದ ಮೇಲೆ ಕಣ್ಣಿರಲಿ. ಕಾಡಿಸಿದ ಮಗುವಿಗೂ ಬೆತ್ತಕ್ಕಿಂತ ತಿಳಿವಳಿಕೆ ಬೇಕು; ಮನೆಯಲ್ಲಿ ಪೆಟ್ಟು ತಿನ್ನುವ ಮಗು ಅದನ್ನೇ ಶಾಲೆಗೆ ತರುತ್ತದೆ. ಪಾಲಕರು 'ನೀನೂ ತಿರುಗಿ ಹೊಡಿ' ಎನ್ನುವ ಮೊದಲು ಮಗುವಿನ ಮಾತನ್ನು ಪೂರ್ತಿ ಕೇಳಲಿ.

ಮಕ್ಕಳ ಸಹಾಯವಾಣಿ 1098. ಕಾಲೇಜಿನವರಿಗೆ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ಎರಡೂ ಉಚಿತ.

ಕಾಟದಿಂದಾಗಿ ಹಾಜರಾತಿ ಕುಸಿದಿದ್ದರೆ ವಿದ್ಯಾರ್ಥಿವೇತನದ ಅರ್ಜಿ ಕೊಡುವಾಗ ಸಂಕೋಚಪಡದೆ ತಿಳಿಸಿರಿ. ಶುಲ್ಕ ಕಟ್ಟಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯದು. ಮಗು ನಿರ್ಭಯವಾಗಿ ತರಗತಿಯಲ್ಲಿ ಕೂರಬೇಕು.