ಹನ್ನೆರಡೂವರೆಗೆ ಮುಚ್ಚುವ ಸೈಕಲ್ಲು

ಡಬ್ಲಿನ್ ನಗರದ ಸಾರ್ವಜನಿಕ ಸೈಕಲ್ಲುಗಳ ವೇಳಾಪಟ್ಟಿ ಸ್ವಲ್ಪ ವಿಚಿತ್ರ. ಬೆಳಗಿನ ಜಾವ 5ರಿಂದ ರಾತ್ರಿ 12.30ರವರೆಗೆ ಮಾತ್ರ ಸೈಕಲ್ ತೆಗೆದುಕೊಳ್ಳಬಹುದು. ವಾಪಸ್ ಬಿಡುವುದಕ್ಕೆ ಹೊತ್ತುಗೊತ್ತಿಲ್ಲ. ನಡುರಾತ್ರಿ ಮೂರಕ್ಕೆ ತಂದು ನಿಲ್ಲಿಸಿದರೂ ಸ್ಟ್ಯಾಂಡು ಚಕಾರವೆತ್ತದೆ ಸೇರಿಸಿಕೊಳ್ಳುತ್ತದೆ. ಮೈಸೂರಿನಿಂದ ಓದಲಿಕ್ಕೆಂದು ಹೋಗಿ, ಸಂಜೆ ಹೊತ್ತು ಹೋಟೆಲೊಂದರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಪಾತ್ರೆ ತೊಳೆಯುತ್ತಿದ್ದ ನನಗೆ ಕಾಲೇಜಿನ ಟೈಮ್‌ಟೇಬಲ್‌ಗಿಂತ ಇದೇ ಹೆಚ್ಚು ಬಾಯಿಪಾಠವಾಗಿತ್ತು.

ಡಬ್ಲಿನ್‌ಬೈಕ್ಸ್ ಎಂಬ ಈ ಯೋಜನೆ ಶುರುವಾದದ್ದು 2009ರ ಸೆಪ್ಟೆಂಬರ್ 13ರಂದು, 450 ಸೈಕಲ್ ಮತ್ತು 40 ನಿಲ್ದಾಣಗಳೊಂದಿಗೆ. ಜೆಸಿಡೆಕೊ ಎಂಬ ಫ್ರೆಂಚ್ ಜಾಹೀರಾತು ಕಂಪನಿಗೆ ನಗರಪಾಲಿಕೆ ಬೀದಿಗಳಲ್ಲಿ ಫಲಕ ಹಾಕಲು ಜಾಗ ಕೊಟ್ಟಿತು, ಬದಲಿಗೆ ಕಂಪನಿ ಸೈಕಲ್ ಯೋಜನೆ ನಡೆಸಿತು. ಆರಂಭದಲ್ಲಿ ವರ್ಷದ ಕಾರ್ಡಿಗೆ 10 ಯೂರೋ. ಆಮೇಲೆ ದರ ಏರಿತು, ಸೈಕಲ್ಲೂ ಹೆಚ್ಚಿದವು. 2014ರ ವಿಸ್ತರಣೆಯಾದ ಮೇಲೆ ಸುಮಾರು 1,500 ಸೈಕಲ್, ನೂರರಷ್ಟು ನಿಲ್ದಾಣ. ಪ್ರತಿ ಸವಾರಿಯ ಮೊದಲ ಅರ್ಧ ಗಂಟೆಗೆ ದುಡ್ಡಿಲ್ಲ. ಅರ್ಧ ಗಂಟೆಯಲ್ಲಿ ಊರಿನ ನಡುಭಾಗವನ್ನು ಈ ತುದಿಯಿಂದ ಆ ತುದಿಗೆ ದಾಟಬಹುದಾದ್ದರಿಂದ ಕಾರ್ಡಿನ ಹಣ ಬಿಟ್ಟರೆ ಮತ್ತೆ ಜೇಬಿಗೆ ಕೈ ಹಾಕುವ ಪ್ರಮೇಯ ನಮ್ಮಂಥವರಿಗೆ ಬರುತ್ತಲೇ ಇರಲಿಲ್ಲ.

ತೆಗೆಯುವ ವಿಧಾನ ಸರಳ. ನಿಲ್ದಾಣದ ಯಂತ್ರಕ್ಕೆ ಕಾರ್ಡು ತೋರಿಸಿ, ಪಿನ್ ಒತ್ತಿ, ಸೈಕಲ್ ನಂಬರ್ ಆರಿಸಿ, ಕೂಡಲೇ ಹೋಗಿ ಸ್ಟ್ಯಾಂಡಿನ ಗುಂಡಿ ಒತ್ತಿ ಎಳೆದುಕೊಳ್ಳಬೇಕು. ಬಿಡುವಾಗ ಒಳಕ್ಕೆ ತಳ್ಳಿ ಎರಡು ಸಲ ಬೀಪ್ ಅನ್ನುವವರೆಗೆ ನಿಲ್ಲಬೇಕು. ಆ ಎರಡನೇ ಬೀಪಿಗೆ ಕಾಯದೆ ಮನೆಗೆ ಹೋದವನ ಲೆಕ್ಕ ಬೆಳಗಿನವರೆಗೂ ಓಡುತ್ತಿರುತ್ತದೆ. ಹೊಸದಾಗಿ ಬಂದ ಹುಡುಗರಿಗೆ ನಾವು ಮೊದಲು ಕಲಿಸುತ್ತಿದ್ದುದೇ ಇದು. ಚಳಿಗೆ ಕಿವಿ ಮುಚ್ಚುವ ಟೋಪಿ ಹಾಕಿದವನಿಗೆ ಬೀಪು ಕೇಳುವುದಿಲ್ಲ, ಟೋಪಿ ಎತ್ತಿ ಕೇಳಿಸಿಕೊಳ್ಳಬೇಕು.

ನಮ್ಮ ಹೋಟೆಲು ಎಕ್ಸ್‌ಚೆಕರ್ ಸ್ಟ್ರೀಟಿನ ಬಗಲಲ್ಲಿತ್ತು, ನನ್ನ ಕೋಣೆ ನದಿಯಾಚೆ ಫಿಬ್ಸ್‌ಬರೋದಲ್ಲಿ. ಡೇಮ್ ಸ್ಟ್ರೀಟಿಗೆ ಇಳಿದು, ಕಾಲೇಜ್ ಗ್ರೀನ್ ಸುತ್ತಿ, ಓಕಾನಲ್ ಸೇತುವೆ ದಾಟಿ, ಪಾರ್ನೆಲ್ ಸ್ಕ್ವೇರ್ ಪಕ್ಕದ ಏರು ಹತ್ತಿದರೆ ಬ್ಲೆಸಿಂಗ್ಟನ್ ಸ್ಟ್ರೀಟಿನ ನಿಲ್ದಾಣ. ಅಲ್ಲಿಂದ ಮನೆಗೆ ಕಾಲ್ನಡಿಗೆ. ಮೂರು ಗೇರಿನ ಆ ಭಾರದ ಸೈಕಲ್ಲಿನಲ್ಲಿ ಏರು ಮಾತ್ರ ಕಷ್ಟ, ಉಳಿದದ್ದು ಸಲೀಸು. ಗಿರಾಕಿಗಳ ಕೊನೆಯ ತಟ್ಟೆ ಹನ್ನೊಂದಕ್ಕೆ ಒಳಗೆ ಬಂದರೂ ಒಲೆ ಉಜ್ಜಿ, ನೆಲ ತೊಳೆದು, ಕಸದ ಚೀಲ ಹಿಂಬೀದಿಗೆ ಹಾಕುವಷ್ಟರಲ್ಲಿ ಹನ್ನೆರಡು ದಾಟುತ್ತಿತ್ತು. ಆಮೇಲಿನ ಅರ್ಧ ಗಂಟೆ ಅಡುಗೆಮನೆಯ ನಡವಳಿಕೆಯೇ ಬದಲು. ಬ್ರೆಜಿಲ್‌ನವನು, ನೇಪಾಳದವನು, ನಾನು, ಮೂವರ ಕಣ್ಣೂ ಗಡಿಯಾರದ ಮೇಲೆ. 12.29ಕ್ಕೆ ತೆಗೆದರೂ ಆ ಸೈಕಲ್ ನಿಮ್ಮದೇ, ಮನೆ ಮುಟ್ಟುವವರೆಗೆ ಯಾರೂ ಕೇಳುವುದಿಲ್ಲ. ಹನ್ನೆರಡೂವರೆ ಕಳೆದರೆ ಸ್ಟ್ಯಾಂಡಿನ ತುಂಬ ಸೈಕಲ್ ಇದ್ದರೂ ಒಂದೂ ಕದಲುವುದಿಲ್ಲ.

ಹಾಗಿದ್ದರೆ ಟ್ರಾಮ್ ಹತ್ತಬಾರದೆ? ಲುವಾಸ್ ಟ್ರಾಮುಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಿಲ್ಲುತ್ತವೆ, ಭಾನುವಾರವಾದರೆ ಇನ್ನೂ ಮೊದಲೇ. 2019ರ ಡಿಸೆಂಬರಿನಲ್ಲಿ 15 ಮತ್ತು 41ನೇ ನಂಬರಿನ ಬಸ್ಸುಗಳು ದಿನವಿಡೀ ಓಡಲು ಶುರುವಾದವು, ಅವೆರಡೂ ನನ್ನ ರಸ್ತೆಗೆ ಬರುವುದಿಲ್ಲ. ಟ್ಯಾಕ್ಸಿಗೆ ಕೊಟ್ಟರೆ ಆ ದಿನದ ಸಂಬಳದಲ್ಲಿ ದೊಡ್ಡ ಪಾಲು ಹೋಯಿತು. ನಮ್ಮಂಥ ವಿದೇಶಿ ವಿದ್ಯಾರ್ಥಿಗಳು ಕಾಲೇಜು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು ಎಂಬುದು ಅಲ್ಲಿನ ಕಾನೂನು. ಟ್ಯಾಕ್ಸಿ ಹತ್ತುವ ಮೊದಲು ಯಾರಾದರೂ ಲೆಕ್ಕ ಹಾಕುತ್ತಾರೆ.

ರಾತ್ರಿ ಏಕೆ ಮುಚ್ಚುತ್ತಾರೆ ಎಂದರೆ ಇಂಥ ಯೋಜನೆ ನಡೆಸುವವರ ಬಳಿ ಸಿದ್ಧ ಉತ್ತರಗಳಿವೆ. ಬೆಳಗ್ಗೆ ಊರಿನ ಅಂಚಿನ ನಿಲ್ದಾಣಗಳು ಬರಿದಾಗಿ ಕಚೇರಿಗಳಿರುವ ಕಡೆ ತುಂಬಿ ತುಳುಕುತ್ತವೆ. ಏರಿನ ಮೇಲಿನ ನಿಲ್ದಾಣದಿಂದ ಜನ ಖುಷಿಯಾಗಿ ಇಳಿದು ಬರುತ್ತಾರೆ, ಹತ್ತಿಕೊಂಡು ವಾಪಸ್ ಹೋಗುವವರು ಕಡಿಮೆ. ಆದ್ದರಿಂದ ವ್ಯಾನುಗಳು ಸೈಕಲ್ ಹೊತ್ತು ಅಲ್ಲಿಂದಿಲ್ಲಿಗೆ ಹಂಚಬೇಕು. ರಸ್ತೆ ಖಾಲಿ ಇರುವ, ಲೆಕ್ಕ ಅಷ್ಟಾಗಿ ಕದಲದ ನಾಲ್ಕೂವರೆ ಗಂಟೆ ಸಿಕ್ಕರೆ ಅವರಿಗೆ ಅನುಕೂಲ. ಇನ್ನೊಂದು ಕಾರಣ ಕುಡಿತ. ಐರ್ಲೆಂಡಿನ ಪಬ್ಬುಗಳಲ್ಲಿ ಸೋಮವಾರದಿಂದ ಗುರುವಾರದವರೆಗೆ 11.30ಕ್ಕೆ, ಶುಕ್ರವಾರ ಮತ್ತು ಶನಿವಾರ 12.30ಕ್ಕೆ ಮದ್ಯ ಕೊಡುವುದು ನಿಲ್ಲುತ್ತದೆ. ಕುಡಿದು ಮುಗಿಸಲು ಇನ್ನರ್ಧ ಗಂಟೆ. ಅಂದರೆ ವಾರಾಂತ್ಯದಲ್ಲಿ ಬಾರೂ ಸೈಕಲ್ಲೂ ಒಂದೇ ನಿಮಿಷಕ್ಕೆ ಮುಚ್ಚುತ್ತವೆ. ಬೇಕೆಂದೇ ಹೊಂದಿಸಿದರು ಎಂದು ನಾನು ಹೇಳಲಾರೆ. ಆದರೆ ಶನಿವಾರ ರಾತ್ರಿ ಒಂದಕ್ಕೆ ಡೇಮ್ ಸ್ಟ್ರೀಟಿನಲ್ಲಿ ನಿಂತು ನೋಡಿದವರಿಗೆ ಈ ಹೊಂದಾಣಿಕೆ ತಪ್ಪೆಂದೂ ಅನಿಸುವುದಿಲ್ಲ.

ತೆಗೆಯಲು ಗಡುವಿಟ್ಟು ಬಿಡಲು ಗಡುವಿಡದ ಈ ಏರ್ಪಾಟು ನನಗೆ ಬಹಳ ಹಿಡಿಸಿತು. ಸ್ಟಾಕ್‌ಹೋಮಿನ ಹಿಂದಿನ ಸಿಟಿ ಬೈಕ್ಸ್ ಯೋಜನೆಯಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರೊಳಗೆ ಸೈಕಲ್ ತೆಗೆದು, ರಾತ್ರಿ 1ರೊಳಗೆ ಬಿಡಬೇಕಿತ್ತು. ಅದೂ ಏಪ್ರಿಲಿನಿಂದ ಅಕ್ಟೋಬರ್ ತನಕ ಮಾತ್ರ, ಚಳಿಗಾಲಕ್ಕೆ ಬೀಗ. ಬಿಡುವುದಕ್ಕೂ ಬಾಗಿಲು ಹಾಕಿದರೆ ತಡವಾದವನು ಆ ಸೈಕಲ್ಲನ್ನು ಏನು ಮಾಡಬೇಕು? ಬೀದಿಯಲ್ಲಿ ಬಿಟ್ಟರೆ ಕಳುವಾಗುತ್ತದೆ, ಮನೆಗೆ ಒಯ್ದರೆ ದಂಡ. ಬಿಡುವ ದಾರಿ ತೆರೆದಿದ್ದರೆ ಸೈಕಲ್ಲೂ ಸುರಕ್ಷಿತ, ಸವಾರನೂ ನಿರಾಳ.

ಬೇರೆ ಊರುಗಳ ಕಥೆ ಬೇರೆ. 2007ರ ಜುಲೈ 15ರಂದು ಶುರುವಾದ ಪ್ಯಾರಿಸಿನ ವೆಲಿಬ್ ದಿನದ 24 ಗಂಟೆಯೂ ತೆರೆದಿರುತ್ತದೆ. ಮೆಟ್ರೋ ನಿಂತ ಮೇಲೆ ಮನೆ ಸೇರಲು ಅಲ್ಲಿಯವರಿಗೆ ಅದೂ ಒಂದು ಆಸರೆ. ಬಾರ್ಸಿಲೋನಾದ ಬೈಸಿಂಗ್ ಮೊದಮೊದಲು ವಾರದ ದಿನಗಳಲ್ಲಿ ರಾತ್ರಿ ಕೆಲ ಗಂಟೆ ಮುಚ್ಚಿ, ವಾರಾಂತ್ಯದಲ್ಲಿ ರಾತ್ರಿಯಿಡೀ ತೆರೆದಿರುತ್ತಿತ್ತು. 2019ರ ಹೊಸ ವ್ಯವಸ್ಥೆಯಲ್ಲಿ ವರ್ಷದ ಎಲ್ಲ ದಿನವೂ, ಎಲ್ಲ ಹೊತ್ತೂ ಸಿಗುವಂತಾಯಿತು. ಡಬ್ಲಿನ್ ಮೋಜು ಮಾಡುವವರಿಗೆ ಹೆದರಿ ಬಾಗಿಲು ಹಾಕಿದಂತಿದೆ, ಹಳೆಯ ಬಾರ್ಸಿಲೋನಾ ಮೋಜಿನವರಿಗೆಂದೇ ತೆರೆದಂತಿತ್ತು. ಮಂಗಳವಾರ ರಾತ್ರಿ ಒಂದೂಕಾಲಿಗೆ ಪಾತ್ರೆ ತೊಳೆದು ಹೊರಬರುವವನು ಎರಡೂ ಕಡೆ ಯಾರ ಲೆಕ್ಕದಲ್ಲೂ ಇರಲಿಲ್ಲ. ವಾರದಲ್ಲಿ ಎರಡು ರಾತ್ರಿ ಮುಚ್ಚಿ ಉಳಿದ ಐದು ರಾತ್ರಿ ತೆರೆದರೆ ಡಬ್ಲಿನ್‌ಗೆ ಏನೂ ನಷ್ಟವಿಲ್ಲ ಎಂಬುದು ನನ್ನ ಅಂದಾಜು. ವ್ಯಾನಿನವರು ಒಪ್ಪಲಾರರು.

ಬೆಳಗಿನ 5 ಗಂಟೆಯ ಬಗ್ಗೆ ಮಾತ್ರ ತಕರಾರಿಲ್ಲ. ಕಚೇರಿ ಗುಡಿಸುವವರು, ಬೇಕರಿಯವರು ಮೊದಲ ಬಸ್ಸಿಗೆ ಕಾಯದೆ ಹೊರಡಬಹುದು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯನೂ ಐದಕ್ಕೇ ಏಳುತ್ತಾನೆ. ಡಿಸೆಂಬರಿನಲ್ಲಿ ಎಂಟೂವರೆ ದಾಟಬೇಕು, ಪಾಪ ಅವರು ದೀಪದಲ್ಲೇ ತುಳಿಯುತ್ತಾರೆ.

ನಮ್ಮ ಮೈಸೂರಿನ ಸಾರ್ವಜನಿಕ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ 2017ರ ಜೂನ್‌ನಲ್ಲಿ ಹೊರಟದ್ದೂ 450 ಸೈಕಲ್ಲುಗಳಿಂದಲೇ, ಡಬ್ಲಿನ್‌ನಷ್ಟೇ. ಊರಿಗೆ ಬಂದಾಗಲೆಲ್ಲ ನನಗೆ ಕೆಲಸದವರ ಹೊತ್ತಿನದೇ ಯೋಚನೆ. ನಮ್ಮಲ್ಲಿ ಬೆಳಗಿನ ಜಾವ ಇಡ್ಲಿ ಹಿಟ್ಟಿಗೆ ಎದ್ದು ಹೋಗುವವರೂ ಇದ್ದಾರೆ, ದಸರೆಯ ದಿನಗಳಲ್ಲಿ ದೀಪಾಲಂಕಾರ ಆರಿದ ಮೇಲೆ ಅಂಗಡಿ ಕಟ್ಟುವವರೂ ಇದ್ದಾರೆ. ಸೈಕಲ್ಲಿನ ಹೊತ್ತು ಗೊತ್ತುಮಾಡುವವರು ಒಮ್ಮೆ ಅವರನ್ನು ಕೇಳಿದರೆ ಸಾಕು, ದೊಡ್ಡ ಸಮೀಕ್ಷೆಯೇನೂ ಬೇಕಾಗಿಲ್ಲ.

ಡಬ್ಲಿನ್‌ನಲ್ಲಿ ಈಗ ಬ್ಲೀಪರ್ ಎಂಬ ಇನ್ನೊಂದು ಬಗೆಯ ಸೈಕಲ್ಲೂ ಇದೆ. ನಿಗದಿತ ಸ್ಟ್ಯಾಂಡಿನ ಹಂಗಿಲ್ಲ, ಮೊಬೈಲಿನಲ್ಲಿ ಬೀಗ ತೆಗೆದು ಯಾವ ಹೊತ್ತಿಗಾದರೂ ಹೊರಡಬಹುದು. ನಮ್ಮ ಅಡುಗೆಮನೆಯಲ್ಲಿ ಮೊದಲು ಅದಕ್ಕೆ ಸೇರಿದವನು ನೇಪಾಳದ ಗೆಳೆಯ. ಸುದ್ದಿ ಮುಖ್ಯ ಬಾಣಸಿಗನ ಕಿವಿಗೆ ಬಿದ್ದದ್ದೇ ತಡ, ನನ್ನನ್ನೂ ಬ್ರೆಜಿಲ್‌ನವನನ್ನೂ ಹನ್ನೆರಡೂಕಾಲಿಗೆ ಬಿಡುವುದು, ನೆಲ ಒರೆಸುವ ಪಾಳಿ ಪೂರ್ತಿ ಅವನಿಗೆ ಎಂದು ಹೊಸ ಪಟ್ಟಿ ಗೋಡೆಗೆ ಹತ್ತಿತು. ಮಾರನೆಯ ವಾರ ಅವನು ಮ್ಯಾನೇಜರನ್ನು ಕಂಡು ಗಂಟೆಗೆ ಇಷ್ಟು ಹೆಚ್ಚು ಕೊಡಿ ಎಂದು ಕೇಳಿ, ಕೊಡಿಸಿಕೊಂಡೂ ಬಿಟ್ಟ.